ಬೆಂಕಿಯಿಲ್ಲದ ಅಡುಗೆಮನೆ

ಬುಧವಾರ, ಊಟದ ಬಿಡುವು
ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಿಂದ

ಅಕ್ಕಾ, ನನ್ನ ಕೋಪಿಷ್ಠ ಮುದ್ದು ಅಕ್ಕಾ,

ನಾನು ಮುಗಿಸುವಷ್ಟರಲ್ಲಿ ನೀನು ನಮ್ಮ ಮನೆಯ ಗ್ರೂಪ್ ಬಿಟ್ಟು ಎದ್ದು ಹೋದೆ. ನಾನಿನ್ನೂ ಟೈಪ್ ಮಾಡುತ್ತಲೇ ಇದ್ದೆ ಕಣೇ! ‘ಅದೆಲ್ಲ ಸರಿ, ಆದರೆ ಪೂರ್ತಿ ಕೇಳು’ ಅನ್ನುವವರೆಗೆ ಬಂದಿದ್ದೆ, ನೀನು ಹೊರಗೆ ಹೋದೆ ಅಂತ ಪರದೆ ಮೇಲೆ ಬಂತು. ಇರುವುದೇ ಮೂರು ಜನರ ಗ್ರೂಪು. ನೀನು ಹೋದಮೇಲೆ ಉಳಿದದ್ದು ನಾನು, ಅಮ್ಮ. ಅಮ್ಮ ಅದರಲ್ಲಿ ನೋಡುವುದು ಬೆಳಗಿನ ಹೂವಿನ ಚಿತ್ರ ಮಾತ್ರ. ಫೋನ್ ಮಾಡಿದೆ, ನೀನು ಎತ್ತಲಿಲ್ಲ. ಭಾವನಿಗೆ ಮಾಡಿದೆ. ಪಾಪ, ಅವರು, ‘ನಾನು ಮಧ್ಯೆ ಬರಲ್ಲಮ್ಮ, ನಾನೂ ಇದೇ ಮನೇಲಿ ಬಾಳಬೇಕು’ ಅಂದರು. ಅದಕ್ಕೇ ಈ ಕಾಗದ. ಕಾಗದವನ್ನು ಬ್ಲಾಕ್ ಮಾಡೋಕಾಗಲ್ಲ, ಹರಿದು ಹಾಕಬಹುದು ಅಷ್ಟೆ. ಹರಿಯುವ ಮುಂಚೆ ಒಂದು ಸಲ ಓದಿಬಿಡು.

ನಿನ್ನ ಕೊನೆಯ ಮೆಸೇಜು ನನಗೆ ಬಾಯಿಪಾಠ ಆಗಿದೆ. ಭಾನುವಾರ ವ್ಯಾನ್ ತರುತ್ತೀಯ, ಅಮ್ಮನನ್ನು ನಿನ್ನ ಮನೆಗೆ ಕರೆದುಕೊಂಡು ಹೋಗುತ್ತೀಯ, ರೂಮು ರೆಡಿ ಇದೆ, ಕಿಟಕಿಗೆ ಹೊಸ ಪರದೆ ಹಾಕಿಸಿದ್ದೀಯ, ಇನ್ನುಮುಂದೆ ಅಮ್ಮ ಅಡುಗೆಮನೆ ಕಡೆ ತಲೆ ಹಾಕುವ ಹಾಗಿಲ್ಲ, ‘ಆ ಡಬ್ಬಾನ ಯಾರಿಗಾದ್ರೂ ದಾಟಿಸಿಬಿಡು.’ ಡಬ್ಬ ಅಂದರೆ ನಮ್ಮ ಮೈಕ್ರೋವೇವ್ ಓವನ್. ಅಕ್ಕ, ಅದಕ್ಕೆ ಕಿವಿ ಇಲ್ಲದ್ದು ಒಳ್ಳೆಯದಾಯಿತು.

ನಿನ್ನ ಹೆದರಿಕೆ ಸುಳ್ಳು ಅಂತ ನಾನು ಹೇಳುವುದಿಲ್ಲ. ಅವತ್ತು ಒಲೆ ಮುಂದೆ ಅಮ್ಮನಿಗೆ ಫಿಟ್ಸ್ ಬಂದಾಗ ಮೊದಲು ಓಡಿ ಹೋದವಳು ನೀನು. ಉರಿಯ ಮೇಲಿಂದ ಅವಳ ಎಡಗೈ ಎಳೆದವಳು ನೀನು. ನಾನು ಆಸ್ಪತ್ರೆಗೆ ಬರುವಷ್ಟರಲ್ಲಿ ಬ್ಯಾಂಡೇಜ್ ಕಟ್ಟಿ ಆಗಿತ್ತು. ನನ್ನ ಪಾಲಿಗೆ ಬಂದದ್ದು ಬಿಳೀ ಬಟ್ಟೆ, ನಿನ್ನ ಪಾಲಿಗೆ ಬಂದದ್ದು ವಾಸನೆ. ಈಗಲೂ ಯಾರಾದರೂ ಬೆಂಕಿಕಡ್ಡಿ ಗೀರಿದರೆ ನೀನು ಏನೋ ನೆಪ ಹೇಳಿ ಆಚೆ ಹೋಗುತ್ತೀಯ, ನಾನು ನೋಡಿದ್ದೇನೆ. ಗ್ಯಾಸ್ ಸಿಲಿಂಡರನ್ನು ನೀನೇ ಮೆಟ್ಟಿಲು ಇಳಿಸಿ ವಾಪಸ್ ಕೊಟ್ಟುಬಂದೆ. ಸರಿಯಾಗಿಯೇ ಮಾಡಿದೆ. ಅದರ ಬಗ್ಗೆ ಜಗಳವೇ ಇಲ್ಲ.

ಆದರೆ ಆಮೇಲೆ ಅಮ್ಮ ಹೇಗಿದ್ದಳು ಅನ್ನುವುದು ನಿನಗೆ ಗೊತ್ತಿಲ್ಲ. ನೀನು ಬರುವ ದಿನ ಅವಳು ತಲೆ ಬಾಚಿಕೊಂಡು, ಒಗೆದ ಬಟ್ಟೆ ಉಟ್ಟು, ನಗುತ್ತಾ ಕೂತಿರುತ್ತಿದ್ದಳು. ಉಳಿದ ದಿನ ಕೈ ಮಡಿಲಲ್ಲಿಟ್ಟುಕೊಂಡು ಕೂತಿರುತ್ತಿದ್ದಳು, ಬಸ್ಸಿಗೆ ಕಾಯುವವರ ಹಾಗೆ. ಕಾರ್ಖಾನೆ ಕ್ಯಾಂಟೀನಿನಲ್ಲಿ ಇಡೀ ಪಾಳಿಯ ಜನರ ಹೊಟ್ಟೆ ತುಂಬಿಸಿದ ಕೈ ಅದು. ಯಾರ ಮನೆಗೆ ಊಟಕ್ಕೆ ಹೋದರೂ ಮೊದಲ ತುತ್ತಿಗೇ ನನ್ನ ಕಿವಿಗೆ ಬಾಗಿ, ‘ಉಪ್ಪು ಕೊನೇಲಿ ಹಾಕಿದಾರೆ, ಗೊತ್ತಾಯ್ತಾ?’ ಅನ್ನುವವಳು. ಅಂಥವಳು ಹೊರಗಿನಿಂದ ತರಿಸಿದ ಡಬ್ಬಿ ಊಟ ತಿಂದು, ‘ಚೆನ್ನಾಗಿದೆ’ ಅಂದಳು. ಒಂದು ದಿನ ಆ ಡಬ್ಬಿಯವರು ಉಪ್ಪೇ ಹಾಕಿರಲಿಲ್ಲ. ಅವತ್ತೂ, ‘ಚೆನ್ನಾಗಿದೆ’ ಅಂದಳು. ಅಕ್ಕ, ನನಗೆ ಫಿಟ್ಸ್‌ಗಿಂತ ಜಾಸ್ತಿ ಹೆದರಿಕೆ ಆದದ್ದು ಅವತ್ತು.

ಆಗ ನಾನು ಏನು ಮಾಡಿದೆ? ನಾನು ಯಾವಾಗಲೂ ಏನು ಮಾಡುತ್ತೇನೆ ಹೇಳು? ಒಂದು ಗ್ರೂಪ್ ಹುಡುಕಿ ಸೇರಿಕೊಂಡೆ! (ಇಲ್ಲಿ ನಗುವ ಮುಖ ಹಾಕಬೇಕಿತ್ತು, ಪೆನ್ನಿನಲ್ಲಿ ಬರೆದರೆ ಆಲೂಗಡ್ಡೆ ಥರ ಕಾಣುತ್ತೆ.) ಓವನ್ನಿನಲ್ಲೇ ಅಡುಗೆ ಮಾಡುವವರ ಗ್ರೂಪು. ಅದರ ಅಡ್ಮಿನ್ ಆಂಟಿಯ ಮಗನಿಗೂ ಫಿಟ್ಸ್ ಇದೆ. ಅವರು ಹಾಕಿದ್ದನ್ನೆಲ್ಲ ನಾನು ಮೇಲಿಂದ ಕೆಳಗಿನವರೆಗೆ ಓದಿದೆ, ವಾಯ್ಸ್ ನೋಟುಗಳನ್ನೂ ಬಿಡಲಿಲ್ಲ. ಬಸ್ಸಿನಲ್ಲಿ ಕೇಳುತ್ತಾ ನನ್ನ ಸ್ಟಾಪು ದಾಟಿಹೋದ ದಿನವೂ ಇದೆ. ಹಬ್ಬಿಕೊಳ್ಳುವ ಜ್ವಾಲೆ ಇಲ್ಲ, ಬಟ್ಟೆಯ ಅಂಚು ತಗುಲುವ ಉರಿ ಇಲ್ಲ, ಟೈಮ್ ಮುಗಿದರೆ ತಾನೇ ಆರುತ್ತೆ. ನಮ್ಮ ಅಮ್ಮನಿಗೆ ಅಂತಲೇ ಯಾರೋ ಕೂತು ಮಾಡಿದ ಹಾಗಿತ್ತು. ನಾನು ಆ ಆಂಟಿಯ ಪಕ್ಕಾ ಫ್ಯಾನು ಕಣೇ. ಆದರೆ ಅವರೂ ಮೊದಲ ದಿನವೇ ಎಚ್ಚರಿಸಿದ್ದರು. ‘ಬೆಂಕಿ ಇಲ್ಲ ಅಂತ ಸಲಿಗೆ ಬೇಡ ಪುಟ್ಟಿ. ಇದೂ ಸುಡುತ್ತೆ. ಇದರ ಸ್ವಭಾವ ಬೇರೆ, ಅಷ್ಟೆ.’

ಓವನ್ ಕೊಂಡು ತಂದೆ. ಅಮ್ಮ ಅದಕ್ಕೆ ಸೊಸೆ ಅಂತ ಹೆಸರಿಟ್ಟಳು. ‘ಬಾಗಿಲು ಹಾಕ್ಕೊಂಡು ಒಳಗೊಳಗೇ ತಿರುಗ್ತಾಳೆ, ಏನ್ ಮಾಡ್ತಿದಾಳೆ ಅಂತ ಅತ್ತೆಗೆ ಹೇಳಲ್ಲ, ಕೆಲಸ ಮುಗಿದ್ರೆ ಮಾತ್ರ ಬೀದಿಗೆಲ್ಲ ಕೇಳೋ ಹಾಗೆ ಕೂಗ್ತಾಳೆ’ ಅಂತ. ನಮ್ಮ ಮನೆಗೆ ಗಂಡುಮಗ ಇಲ್ಲದಿದ್ದರೂ ಸೊಸೆ ಬಂದಳು ನೋಡು.

ಅತ್ತೆ ಸೊಸೆಗೆ ಹೊಂದಿಕೆ ಆಗೋಕೆ ತಡವಾಯಿತು. ಕ್ಯಾಂಟೀನಿನಲ್ಲಿ ಅಮ್ಮ ಅಡುಗೆ ಮಾಡುತ್ತಿದ್ದದ್ದು ಕಿವಿಯಿಂದ, ಗೊತ್ತಲ್ಲ ನಿನಗೆ? ಕುದಿತದ ಸದ್ದು ದಪ್ಪಗಾದರೆ ನೀರು ಇಂಗಿತು, ಚಟಪಟ ನಿಂತರೆ ಈರುಳ್ಳಿ ಆಯಿತು. ಈ ಸೊಸೆಯೋ ಗುಂಯ್ ಅನ್ನುವುದು ಬಿಟ್ಟರೆ ಬೇರೆ ಮಾತಾಡಲ್ಲ. ಅಮ್ಮ ಗಾಜಿನ ಬಾಗಿಲಿಗೆ ಕಿವಿ ಹಚ್ಚಿ ನಿಲ್ಲುತ್ತಿದ್ದಳು, ನಾನು ಹಿಂದಿನಿಂದ ಎಳೆಯುತ್ತಿದ್ದೆ. ಹಳೇ ಸ್ಟೀಲ್ ಚಮಚ ಒಳಗೇ ಬಿಟ್ಟು ಗುಂಡಿ ಒತ್ತಿದ ದಿನ ಒಳಗೆ ಮಿಂಚು ಹೊಡೆಯಿತು. ‘ನೋಡೇ, ಸಿಟ್ಟು ಬೇರೆ ಮಾಡ್ಕೋತಾಳೆ’ ಅಂತ ನಗುತ್ತಾ ಆಫ್ ಮಾಡಿದಳು. ಇನ್ನೊಂದು ಸಲ ಕುಂಬಳಕಾಯಿ ಹೋಳು ಬೇಯಿಸಲು ಇಟ್ಟು ಮುಚ್ಚಳವನ್ನು ಬಿಗಿಯಾಗಿ ಒತ್ತಿಬಿಟ್ಟಳು. ಕ್ಯಾಂಟೀನಿನ ಪಾಠ ಅದು, ಹಬೆ ಓಡಿದರೆ ರುಚಿ ಓಡುತ್ತೆ ಅಂತ. ಓವನ್ನಿಗೆ ಆ ಪಾಠ ಗೊತ್ತಿಲ್ಲ. ಢಬ್ ಅಂತು! ಬಾಗಿಲು ಮುಚ್ಚಿತ್ತು, ಯಾರಿಗೂ ಏನೂ ಆಗಲಿಲ್ಲ. ಒಳಗೆ ಮಾತ್ರ ನಾಲ್ಕೂ ಗೋಡೆಗೆ ಕುಂಬಳಕಾಯಿ ಬಣ್ಣ ಬಳಿದ ಹಾಗಿತ್ತು. ಇಬ್ಬರೂ ನೆಲಕ್ಕೆ ಕೂತು ನಕ್ಕೆವು. ಎಷ್ಟು ಕಾಲದ ಮೇಲೆ ಅವಳ ಆ ನಗು ಕೇಳಿದೆ ಅಂದರೆ, ನಗು ಮುಗಿದಮೇಲೆ ನನಗೆ ಅಳು ಬಂತು. ಈಗ ಮುಚ್ಚಳ ಒಂದು ಮೂಲೆಯಲ್ಲಿ ಸಡಿಲ ಇರುತ್ತೆ. ತೆಗೆಯುವಾಗಲೂ ಮುಖದ ಆಚೆ ಕಡೆಯಿಂದ ಎತ್ತುತ್ತಾಳೆ, ಹಬೆ ಗೋಡೆ ಕಡೆ ಹೋಗಲಿ ಅಂತ.

ಈಗ ಟೈಲರ್ ಅಂಕಲ್ ವಿಷಯಕ್ಕೆ ಬರುತ್ತೇನೆ. ನಿನಗೆ ಅವರ ಹೆಂಡತಿ, ಕೆಳಗಿನ ಮನೆಯ ಆಂಟಿ, ಫೋನಿನಲ್ಲಿ ಹೇಳಿದ್ದು ಅರ್ಧ ನಿಜ. ಅಂಕಲ್‌ಗೆ ನಮ್ಮ ಮನೆ ಅನ್ನ ತಿಂದು ಹೊಟ್ಟೆ ಕೆಟ್ಟದ್ದು ಹೌದು. ಬೆಳಿಗ್ಗೆ ಮಾಡಿದ ತರಕಾರಿ ಅನ್ನವನ್ನು ಅಮ್ಮ ಸಂಜೆವರೆಗೆ ಹೊರಗೇ ಇಟ್ಟಿದ್ದಳು, ಕ್ಯಾಂಟೀನಿನಲ್ಲಿ ದೊಡ್ಡ ಪಾತ್ರೆ ಒಲೆ ಮೇಲೇ ಕೂತಿರುತ್ತಿತ್ತಲ್ಲ, ಹಾಗೆ. ಒಲೆಯೇ ಇಲ್ಲದ ಮನೆಯಲ್ಲಿ ಅದು ತಣ್ಣಗಾಗಿ ಕೂತಿತ್ತು. ಆಮೇಲೆ ಬಟ್ಟಲಿಗೆ ಗೋಪುರದ ಹಾಗೆ ತುಂಬಿದಳು. ಅರ್ಧ ತುಂಬಿದ ಪಾತ್ರೆ ಕಂಡರೆ ಅವಳಿಗೆ ಅವಮಾನ. ಬಿಸಿ ಮಾಡಿ, ಪೀಂ ಅಂದ ತಕ್ಷಣ ತೆಗೆದು ಕೊಟ್ಟುಬಿಟ್ಟಳು. ಅಂಚಿನಲ್ಲಿ ನಾಲಿಗೆ ಸುಡುವ ಬಿಸಿ, ನಡುವೆ ಕಲ್ಲಿನ ಹಾಗೆ ತಣ್ಣಗೆ. ಅಂಕಲ್ ಪೂರ್ತಿ ತಿಂದರು.

ಆ ಸುದ್ದಿ ಕೇಳಿ ಅಮ್ಮ ಆ ದಿನವೆಲ್ಲ ನೀರು ಬಿಟ್ಟು ಬೇರೇನೂ ಮುಟ್ಟಲಿಲ್ಲ. ‘ಇಷ್ಟು ವರ್ಷ ಬಡಿಸಿದೀನಿ, ನನ್ನ ಕೈ ಅಡುಗೆ ತಿಂದು ಯಾರೂ ಹೊಟ್ಟೆ ಹಿಡ್ಕೊಂಡಿರ್ಲಿಲ್ಲ’ ಅಂದಳು. ನಾನೇ ಕರೆದುಕೊಂಡು ಕೆಳಗಿಳಿದೆ. ಅಂಕಲ್ ಕತ್ತಿನಲ್ಲಿ ಟೇಪು ಹಾಕಿಕೊಂಡೇ ಮಲಗಿದ್ದರು. ಅಮ್ಮ ಬಾಗಿಲಲ್ಲೇ ನಿಂತು, ‘ತಪ್ಪಾಯ್ತಪ್ಪ’ ಅಂದಳು. ಅವರು ಎದ್ದು ಕೂತು, ‘ಅಕ್ಕಾವ್ರೇ, ಹೊಟ್ಟೆ ನಂದು. ತಣ್ಣಗಿದೆ ಅಂತ ಗೊತ್ತಾದ್ಮೇಲೂ ಬಟ್ಟಲು ನೆಕ್ಕಿದೋನೂ ನಾನೇ. ನಿಮ್ಮನ್ನ ಯಾಕೆ ಬೈಲಿ?’ ಅಂದರು. ಆಂಟಿ ಒಳಗಿನಿಂದ, ‘ನಾನು ಬೈತೀನಿ, ಇಬ್ಬರಿಗೂ ಸೇರಿಸಿ’ ಅಂದರು. ಬೈದರೂ ಕೂಡ. ಮುಗಿಯುವ ಹೊತ್ತಿಗೆ ಮೂವರೂ ನಗುತ್ತಿದ್ದರು. ನಿನಗೆ ಆಂಟಿ ಈ ಭಾಗ ಹೇಳಿರಲಿಕ್ಕಿಲ್ಲ.

ಮೇಲೆ ಬಂದ ಅಮ್ಮ ಓವನ್ ಮುಂದೆ ಕುರ್ಚಿ ಎಳೆದು ಕೂತಳು. ‘ಸರಿ, ನಿನ್ನ ಗ್ರೂಪಿನ ಆಂಟಿ ಏನೇನು ಹೇಳ್ತಾರೋ ಎಲ್ಲಾ ಓದು, ಒಂದೂ ಬಿಡಬೇಡ’ ಅಂದಳು. ಓದಿದೆ. ಅಮ್ಮ ಕಣ್ಣು ಮುಚ್ಚಿಕೊಂಡು ಕೇಳಿದಳು, ನಡುನಡುವೆ, ‘ಹೌದಲ್ವಾ, ಅದಕ್ಕೇ!’ ಅಂತ ತೊಡೆ ತಟ್ಟಿಕೊಂಡಳು. ಬಿಸಿ ಎಲ್ಲ ಕಡೆ ಒಂದೇ ಸಮ ಹೋಗುವುದಿಲ್ಲ ಅನ್ನುವುದು ತಿಳಿದ ಮೇಲೆ ಅವಳು ಬೇರೆಯೇ ಮನುಷ್ಯಳಾದಳು ಕಣೇ. ಈಗ ಅಗಲವಾದ ಗಾಜಿನ ತಟ್ಟೆಯಲ್ಲಿ ತೆಳ್ಳಗೆ ಹರಡುತ್ತಾಳೆ, ಸೌಟಿನ ಬೆನ್ನಿನಿಂದ ನಡುವೆ ಗುಳಿ ಮಾಡುತ್ತಾಳೆ. ಬಾವಿ ತೋಡೋದು ಅನ್ನುತ್ತಾಳೆ ಅದಕ್ಕೆ. ಅರ್ಧಕ್ಕೆ ನಿಲ್ಲಿಸಿ ಅಂಚಿನದನ್ನು ನಡುವಿಗೆ, ನಡುವಿನದನ್ನು ಅಂಚಿಗೆ ತಿರುವುತ್ತಾಳೆ. ಕೊನೆಯಲ್ಲಿ ನಡುವಿಗೇ ಉದ್ದ ಮುಳ್ಳಿನ ಥರ್ಮಾಮೀಟರ್ ಚುಚ್ಚಿ ನೋಡುತ್ತಾಳೆ. ಅದಕ್ಕೆ ಇಂಜೆಕ್ಷನ್ ಅಂತ ಹೆಸರು. ‘ಜ್ವರ ಬಂದಿಲ್ಲ ಇದಕ್ಕೆ, ಇನ್ನೊಂದು ಸ್ವಲ್ಪ ತಿರುಗಲಿ’ ಅನ್ನುತ್ತಾಳೆ. ಉಳಿದದ್ದು ಬಿಸಿ ಇಳಿಯುತ್ತಿದ್ದ ಹಾಗೇ ಚಿಕ್ಕ ಡಬ್ಬಿಗಳಲ್ಲಿ ಫ್ರಿಡ್ಜಿಗೆ. ಒಮ್ಮೆ ಬಿಸಿ ಮಾಡಿದ್ದನ್ನು ಮತ್ತೆ ಬಿಸಿ ಮಾಡಲ್ಲ. ಚಿಪ್ಪಿನ ಮೊಟ್ಟೆ ಒಳಗೆ ಹೋಗೋ ಹಾಗೇ ಇಲ್ಲ. ಬರೀ ನೀರು ಬಿಸಿ ಮಾಡುವಾಗ ಮರದ ಚಮಚ ಒಂದು ಮುಳುಗಿರುತ್ತೆ, ಇಲ್ಲದಿದ್ದರೆ ಸುಮ್ಮನೆ ಕೂತ ನೀರು ಮುಟ್ಟಿದ ಕೂಡಲೇ ಉಕ್ಕಿ ಕೈಗೆ ಹಾರುತ್ತಂತೆ. ಇದನ್ನು ಕೇಳಿ ಅಮ್ಮ, ‘ಸುಮ್ಮನೆ ಕೂತಿರೋರ್ನೇ ನಂಬಬಾರದು’ ಅಂದಳು, ನನ್ನನ್ನು ನೋಡುತ್ತಾ.

ಅವಳಿಗೆ ಒಪ್ಪಿಗೆಯಾಗದೆ ಉಳಿದದ್ದು ಒಂದೇ. ಓವನ್ ನಿಂತಮೇಲೂ ಸ್ವಲ್ಪ ಹೊತ್ತು ಮುಟ್ಟದೆ ಬಿಡಬೇಕು, ಒಳಗಿನ ಬಿಸಿ ಹರಡಿಕೊಳ್ಳುತ್ತೆ, ಬೇಯುವುದು ಆಗ ಪೂರ್ತಿಯಾಗುತ್ತೆ ಅಂತ. ‘ಆಫ್ ಆದಮೇಲೆ ಇನ್ನೇನ್ ಬೇಯುತ್ತೆ?’ ಅಂತ ವಾದ ಮಾಡಿದಳು. ಒಂದಿನ ಆಲೂಗಡ್ಡೆ ಇಟ್ಟು ಪರೀಕ್ಷೆಯನ್ನೂ ಮಾಡಿದಳು. ಒಂದನ್ನು ತಕ್ಷಣ ಕತ್ತರಿಸಿದಳು, ಒಂದನ್ನು ಬಿಟ್ಟು ಕತ್ತರಿಸಿದಳು. ಎರಡನೆಯದು ಬೆಣ್ಣೆ. ಆಗ ಅಂದಳು, ‘ಥೇಟ್ ದೊಡ್ಡವಳ ಕೋಪ. ಮಾತು ನಿಂತ್ರೂ ಒಳಗೆ ಬೇಯ್ತಾನೇ ಇರುತ್ತೆ. ಸ್ವಲ್ಪ ಹೊತ್ತು ಬಿಟ್ಟು ಮಾತಾಡಿಸ್ಬೇಕು.’ ಅದಕ್ಕೇ ನಾನು ಎರಡು ದಿನ ಬಿಟ್ಟು ಬರೆಯುತ್ತಿರುವುದು. ತಣಿದಿದ್ದೀಯಾ?

ಓವನ್ ಈಗ ಕಟ್ಟೆ ಮೇಲಿಲ್ಲ, ಅಗಲವಾದ ಗಟ್ಟಿ ಮೇಜಿನ ಮೇಲಿದೆ. ಅಮ್ಮ ತೋಳಿರುವ ಕುರ್ಚಿಯಲ್ಲಿ ಕೂತೇ ಕೆಲಸ ಮಾಡುತ್ತಾಳೆ. ಬಿಸಿ ತಟ್ಟೆ ಎತ್ತಿಕೊಂಡು ನಡೆಯುವ ಹಾಗಿಲ್ಲ. ತಣಿಯಲು ಬಿಟ್ಟು, ದಪ್ಪ ಬಟ್ಟೆ ಹಿಡಿದು ಪಕ್ಕಕ್ಕೆ ಸರಿಸಿ, ಅಲ್ಲೇ ಊಟ. ನೀರು, ಸೂಪು ನಾನಿದ್ದಾಗ ಮಾತ್ರ. ನಾನು ಅಂಗಡಿಗೆ ಹೊರಟ ಮೇಲೆ ಅವಳು ಓವನ್ ಹಚ್ಚುವ ಹೊತ್ತಿಗೆ ಕೆಳಗಿನ ಮನೆಯ ಆಂಟಿ ಹೊಲಿಗೆ ಹಿಡಿದುಕೊಂಡು ಮೇಲೆ ಬಂದು ಕೂರುತ್ತಾರೆ. ಮಾತ್ರೆ ಒಂದೂ ತಪ್ಪಿಸಿಲ್ಲ.

ಅಕ್ಕ, ನೀನು ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸುವವಳು. ಹೊಸಬರ ಪಕ್ಕದ ಸೀಟಿನಲ್ಲಿ ಕೂತು, ನಿನ್ನ ಕಡೆಯ ಬ್ರೇಕಿನ ಮೇಲೆ ಸದಾ ಒಂದು ಕಾಲು ಇಟ್ಟಿರುತ್ತೀಯ. ಮನೆಗೆ ಬಂದರೂ ನಿನ್ನ ಕಾಲು ಆ ಬ್ರೇಕಿನ ಮೇಲೇ ಇರುತ್ತೆ ಪಾಪ, ನನಗೆ ಗೊತ್ತು. ಆದರೆ ಕಾರು ಗೋಡೆಗೆ ಮುಟ್ಟಿಸಿದವರನ್ನು ನೀನು ಇಳಿಸಿ ಮನೆಗೆ ಕಳಿಸುತ್ತೀಯಾ? ಇಲ್ಲವಲ್ಲ. ‘ಉಸಿರಾಡಿ, ಮತ್ತೆ ಸ್ಟಾರ್ಟ್ ಮಾಡಿ’ ಅನ್ನುತ್ತೀಯ. ನಾನು ಕಲಿತಾಗಲೂ ಹಾಗೇ ಅಂದೆ. ಅಮ್ಮನಿಗೂ ಅಷ್ಟು ಅನ್ನಬಾರದಾ?

‘ಅಕ್ಕನ ಮನೆಗೆ ಹೋಗ್ತೀಯಾ’ ಅಂತ ನಾನು ಅವಳನ್ನು ಕೇಳಿಲ್ಲ ಅಂದುಕೊಳ್ಳಬೇಡ, ಕೇಳಿದೆ. ‘ಕರೆದ್ರೆ ಹೋಗ್ತೀನಿ ಕಣೇ. ಅವಳಿಗೆ ನಿದ್ದೆ ಬರಲಿ, ಬಹಳ ದಿನ ಆಯ್ತು ಅವಳು ನೆಟ್ಟಗೆ ನಿದ್ದೆ ಮಾಡಿ’ ಅಂದಳು. ಮಡಿಲಲ್ಲಿದ್ದ ಬಟಾಣಿಯನ್ನೆಲ್ಲ ಸುಲಿದು ಮುಗಿಸಿದಳು. ಆಮೇಲೆ, ‘ಆದ್ರೆ ಅಲ್ಲಿ ನಾನು ನೆಂಟಳು’ ಅಂದಳು. ಅಷ್ಟೇ ಅಂದದ್ದು. ನಾನು ಅದನ್ನು ದೊಡ್ಡದು ಮಾಡಿ ಬರೆಯುತ್ತಿಲ್ಲ, ಅವಳು ಅಂದಷ್ಟೇ ಬರೆದಿದ್ದೇನೆ.

ನೀನು ಬೇಕು ಅವಳಿಗೆ. ನನಗೂ ಬೇಕು. ವ್ಯಾನ್ ಬೇಡ. ಭಾನುವಾರ ಭಾವನ ಜೊತೆ ಬಾ. ಅಡುಗೆಮನೆಯಲ್ಲಿ ಅವಳ ಪಕ್ಕದ ಕುರ್ಚಿಯಲ್ಲಿ ಕೂರು, ನಿನ್ನ ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಕೂರು, ಪರವಾಗಿಲ್ಲ. ಒಂದು ಊಟ ಅವಳು ಮಾಡುವುದನ್ನು ಮೊದಲಿಂದ ಕೊನೆಯವರೆಗೆ ನೋಡು. ಆಮೇಲೂ ಕರೆದುಕೊಂಡು ಹೋಗಲೇಬೇಕು ಅನ್ನಿಸಿದರೆ ಅವಳ ಚೀಲ ನಾನೇ ಹೊತ್ತು ಕೆಳಗಿಳಿಸುತ್ತೇನೆ, ಒಂದು ಮಾತೂ ಆಡಲ್ಲ. ನಾನು ಮಾತಾಡದೆ ಇರುವುದು ಎಷ್ಟು ದೊಡ್ಡ ಮಾತು ಅಂತ ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಬೈದರೂ ಬಿಡದ,
ನಿನ್ನ ಬಾಲ,
ತಂಗಿ

ತಾ.ಕ.: ಸಂಜೆ ಮನೆಗೆ ಬಂದು ಇದನ್ನು ಅಮ್ಮನಿಗೆ ಓದಿ ಹೇಳಿದೆ. ಎಲ್ಲ ಕೇಳಿಸಿಕೊಂಡು, ‘ಮಾತ್ರೆ ತಪ್ಪಿಸಿಲ್ಲ ಅಂತ ಬರ್ದಿದೀಯ. ಫಿಟ್ಸ್ ಬಂದಿಲ್ಲ ಅಂತ ಬರ್ದಿಲ್ಲ. ದೊಡ್ಡವಳೇನು ದಡ್ಡೀನಾ? ಅದನ್ನೂ ಬರಿ. ಬಚ್ಚಿಟ್ಟು ಗೆದ್ದ ಅಡುಗೆಮನೆ ನಂಗೆ ಬೇಡ’ ಅಂದಳು. ನಾನು ಆಗಲ್ಲ ಅಂದೆ. ಅಮ್ಮ ಪೆನ್ನಿನ ಮುಚ್ಚಳ ತೆಗೆದು ನನ್ನ ಕೈಗೇ ಕೊಟ್ಟಳು.

ಹೋದ ವಾರ ಬಂದಿತ್ತು ಅಕ್ಕ. ಬೆಳಿಗ್ಗೆ, ಅವಳು ಅಡುಗೆ ಮಾಡುತ್ತಿದ್ದಾಗಲೇ. ನಾನು ಮೇಲೆ ತಾರಸಿಯಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ಓವನ್ ಪೀಂ ಅಂತು. ಅಮ್ಮ ಯಾವಾಗಲೂ ಮೊದಲ ಕೂಗಿಗೇ ಬಾಗಿಲು ತೆಗೆದು ಅದರ ಬಾಯಿ ಮುಚ್ಚಿಸಿ, ಮತ್ತೆ ಹಾಕಿ ಕಾಯುತ್ತಾಳೆ. ಅವತ್ತು ಮತ್ತೆ ಕೂಗಿತು, ಮತ್ತೆ ಕೂಗಿತು. ನಾನು ಬಕೆಟ್ ಅಲ್ಲೇ ಬಿಟ್ಟು ಓಡಿ ಇಳಿದೆ. ಕೆಳಗಿನಿಂದ ಆಂಟಿಯೂ ಸೂಜಿ ಬಾಯಲ್ಲಿ ಕಚ್ಚಿಕೊಂಡೇ ಹತ್ತಿ ಬಂದರು. ಅಮ್ಮ ಕುರ್ಚಿಯಲ್ಲೇ ಒಂದು ಕಡೆಗೆ ವಾಲಿ ನಡುಗುತ್ತಿದ್ದಳು. ಇಬ್ಬರೂ ಸೇರಿ ನೆಲಕ್ಕಿಳಿಸಿ ಮಗ್ಗುಲಿಗೆ ಮಲಗಿಸಿದೆವು, ತಲೆ ಕೆಳಗೆ ಟವೆಲ್ ಇಟ್ಟೆವು, ಬಾಯಿಗೆ ಏನೂ ಹಾಕಲಿಲ್ಲ, ಕಾದೆವು. ಮೊಣಕೈ ಕುರ್ಚಿಯ ತೋಳಿಗೆ ತಗುಲಿ ನೀಲಿಯಾಗಿತ್ತು. ಅದು ಬಿಟ್ಟರೆ ಮೈಮೇಲೆ ಒಂದು ಗೀರೂ ಇಲ್ಲ. ಬೇಯುತ್ತಿದ್ದದ್ದು ಬಾಗಿಲ ಹಿಂದೆ ತನ್ನ ಪಾಡಿಗೆ ಆರಿ ಕೂತಿತ್ತು. ಕಣ್ಣು ಬಿಟ್ಟು, ಮಾತು ಬಂದ ಕೂಡಲೇ ಅಮ್ಮ ಕೇಳಿದ್ದು, ‘ಆಫ್ ಆಯ್ತಾ?’ ಅಂತ. ‘ತಾನಾಗೇ ಆಯ್ತಮ್ಮ’ ಅಂದೆ.

ಡಾಕ್ಟರ ಹತ್ತಿರ ಅವತ್ತೇ ಹೋಗಿದ್ದೆವು, ಮಾತ್ರೆ ಬದಲಾಯಿಸಿದ್ದಾರೆ. ಮತ್ತೆ ಬರಲ್ಲ ಅಂತ ಅವರು ಹೇಳಲಿಲ್ಲ, ನಾನೂ ಹೇಳಲ್ಲ. ಒಬ್ಬಳೇ ಹಚ್ಚುವ ಹಾಗಿಲ್ಲ ಅಂತ ಆಂಟಿ ಮೇಲೆ ಬಂದು ಕೂರುವುದು ಶುರುವಾದದ್ದು ಅವತ್ತಿನಿಂದ.

ಈಗ ಎಲ್ಲಾ ನಿನ್ನ ಮುಂದಿದೆ. ಇದಕ್ಕಿಂತ ಮುಂದಿನದು ನನ್ನ ಮಾತಲ್ಲ, ಅಮ್ಮ ಪಕ್ಕದಲ್ಲಿ ಕೂತು ಹೇಳುತ್ತಿದ್ದಾಳೆ, ನಾನು ಬರೆಯುತ್ತಿದ್ದೇನೆ: ‘ನೋಡು ಮಗಳೇ, ನನಗೆ ಬರೋದು ಬಂದೇ ಬರುತ್ತೆ, ನಿನ್ನ ಮನೇಲಿದ್ರೂ ಬರುತ್ತೆ. ಅದು ಬಂದು ಹೋದಮೇಲೆ ಕಣ್ಣು ಬಿಟ್ಟಾಗ ನಾನು ಯಾರ ಅಡುಗೆಮನೇಲಿರಬೇಕು ಅಂತ ನಿನ್ನಾಸೆ, ನೀನೇ ಹೇಳು?’